ಮಾಡ್ಯುಲರ್‌ನಿಂದ ಡಿಲೇ ಪೆಡಲ್‌ಗೆ ಹೋದ ಸದ್ದು ಒಡೆಯುತ್ತಿದೆ, ವಾಪಸ್ ಬರುವಾಗ ತೀರಾ ಸಣ್ಣಗಾಗುತ್ತಿದೆ

ರಾತ್ರಿ_ಪ್ಯಾಚ್:
ಎಲ್ಲರಿಗೂ ನಮಸ್ಕಾರ. ಗಿಟಾರ್ ನುಡಿಸಿ ಅಭ್ಯಾಸ ಇದೆ, ಸಿಂತ್ ಹೊಸದು. ಈ ವರ್ಷ ಸಣ್ಣ ಯೂರೋರ‍್ಯಾಕ್ ಕಟ್ಟಿಕೊಂಡೆ, ಬಿಡಿ ಮಾಡ್ಯೂಲ್‌ಗಳನ್ನು ಕೇಬಲ್‌ನಿಂದ ಜೋಡಿಸುವ ಮಾಡ್ಯುಲರ್ ಸಿಂತ್: ಒಂದು ಆಸಿಲೇಟರ್ (ಸ್ವರ ಹುಟ್ಟಿಸುವುದು), ಫಿಲ್ಟರ್, ವಿಸಿಎ (ವೋಲ್ಟೇಜ್‌ಗೆ ತಕ್ಕಂತೆ ಸದ್ದಿನ ಮಟ್ಟ ಬದಲಿಸುವುದು), ಎರಡು ಎನ್ವಲಪ್ (ಪ್ರತಿ ಸ್ವರಕ್ಕೂ ಏರಿ ಇಳಿಯುವ ವೋಲ್ಟೇಜ್ ಕೊಡುವುದು), ಮಿಕ್ಸರ್. ಎಫೆಕ್ಟ್ ಮಾಡ್ಯೂಲ್ ಕೊಳ್ಳುವ ಬದಲು ಮನೆಯಲ್ಲಿರುವ ಪೆಡಲ್‌ಗಳನ್ನೇ ಬಳಸೋಣ ಅಂದುಕೊಂಡೆ. 3.5 ಮಿ.ಮೀ. ಜಾಕ್‌ನಿಂದ 6.35 ಮಿ.ಮೀ. ಜಾಕ್‌ಗೆ ಹೋಗುವ ಮೋನೋ ಕೇಬಲ್ ಹಾಕಿದ್ದೇನೆ. ವಿಸಿಎ → ಅನಲಾಗ್ ಡಿಲೇ → ಡಿಜಿಟಲ್ ರಿವರ್ಬ್ → ಮಿಕ್ಸರ್, ಇದು ದಾರಿ.

ಡಿಲೇಯಲ್ಲಿ ಮೊದಲ ಸ್ವರವೇ ಕರಕರ ಎಂದು ಒಡೆಯುತ್ತದೆ. ಮಿಕ್ಸರ್‌ಗೆ ವಾಪಸ್ ಬಂದದ್ದು ಆಸಿಲೇಟರ್ ಪಕ್ಕದಲ್ಲಿ ಕೇಳಿಸುವುದೇ ಇಲ್ಲ. ಜೊತೆಗೆ ಹಿಂದೆ ಸಣ್ಣದಾಗಿ ಕೀಂ ಅನ್ನುವ ಸದ್ದು ಸದಾ ಇರುತ್ತದೆ. ಗಿಟಾರ್ ಹಾಕಿದರೆ ಇದೇ ಪೆಡಲ್‌ಗಳು ಚೆನ್ನಾಗಿಯೇ ಇವೆ. ಪೆಡಲ್ ಹಾಳಾಯಿತೇ ಅಂತ ಭಯ.

ಮೂರು_ಓಸಿ:
ಪೆಡಲ್ ಇಂಟರ್‌ಫೇಸ್ ಮಾಡ್ಯೂಲ್ ಒಂದು ತಗೊಳ್ಳಿ. ಎಎಲ್‌ಎಂನ ಎಸ್.ಬಿ.ಜಿ., ಸ್ಟ್ರೈಮನ್‌ನ ಎಎ.1 ಇದಕ್ಕೇ ಇರುವಂಥವು. ಹೋಗುವಾಗ ತಗ್ಗಿಸುತ್ತವೆ, ಬರುವಾಗ ಏರಿಸುತ್ತವೆ.

ಬೆಸುಗೆ:
ಕೊಳ್ಳಬಹುದು. ಆದರೆ ಏನಾಗುತ್ತಿದೆ ಅಂತ ಮೊದಲು ನೋಡಿಬಿಡೋಣ, ಕಾಸು ಉಳಿದರೂ ಉಳಿಯಬಹುದು.

ನಿಮ್ಮ ಪೆಡಲ್ ಹಾಳಾಗಿರುವ ಸಾಧ್ಯತೆ ಕಡಿಮೆ. ಗಿಟಾರ್ ಪಿಕಪ್‌ನಿಂದ ಬರುವುದು ಸಾಮಾನ್ಯವಾಗಿ ಒಂದು ವೋಲ್ಟ್‌ನ ಒಳಗೇ. ಯೂರೋರ‍್ಯಾಕ್‌ನಲ್ಲಿ ಸದ್ದು ಸುಮಾರು -5ರಿಂದ +5 ವೋಲ್ಟ್‌ವರೆಗೆ, ಅಂದರೆ ಒಟ್ಟು 10 ವೋಲ್ಟ್ ತೂಗುತ್ತದೆ. 9 ವೋಲ್ಟ್ ಪೆಡಲ್‌ನೊಳಗೆ ಸಿಗ್ನಲ್ 4.5 ವೋಲ್ಟ್‌ನ ನಡುವಿನ ಗೆರೆಯ ಮೇಲೆ ಕೆಳಗೆ ಓಡುತ್ತದೆ. ಹಾಗಾಗಿ 10 ವೋಲ್ಟ್‌ಗೆ ಅಲ್ಲಿ ಜಾಗವೇ ಇಲ್ಲ. ಅನಲಾಗ್ ಡಿಲೇಯ ಸದ್ದನ್ನು ಹಂತ ಹಂತವಾಗಿ ದಾಟಿಸಿ ತಡಮಾಡುವ ಬಕೆಟ್ ಬ್ರಿಗೇಡ್ ಚಿಪ್‌ಗೆ ಜಾಗ ಇನ್ನೂ ಕಡಿಮೆ. ಅದಕ್ಕೇ ನಿಮಗೆ ಡಿಲೇಯಲ್ಲೇ ಮೊದಲು ಒಡೆಯುತ್ತಿದೆ.

ಈಗಲೇ ಪರೀಕ್ಷೆ ಮಾಡಿ. ವಿಸಿಎಗೆ ಬರುವ ಎನ್ವಲಪ್ಪನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ. ಡಿಲೇ ಸ್ವಚ್ಛವಾದರೆ ತೊಂದರೆ ಲೆವೆಲ್‌ನದ್ದೇ. ಮಲ್ಟಿಮೀಟರ್ ಇದ್ದರೆ ಎಸಿ ವೋಲ್ಟ್‌ಗೆ ಇಟ್ಟು ಆಸಿಲೇಟರ್‌ನ ಸೈನ್ ಔಟ್ ಅಳೆಯಿರಿ. 100 ಹರ್ಟ್ಸ್ ಸುತ್ತಮುತ್ತ ಇರಲಿ, ಅಗ್ಗದ ಮೀಟರ್‌ಗಳು ಮೇಲಿನ ಸ್ವರಗಳಲ್ಲಿ ತಪ್ಪು ಹೇಳುತ್ತವೆ. 10 ವೋಲ್ಟ್ ತೂಗುವ ಸೈನ್‌ಗೆ ಮೀಟರ್‌ನಲ್ಲಿ ಸುಮಾರು 3.5 ಕಾಣಬೇಕು.

ರಾತ್ರಿ_ಪ್ಯಾಚ್:
ಮೀಟರ್‌ನಲ್ಲಿ 3.4 ಬಂತು. ಎನ್ವಲಪ್ ಇಳಿಸಿದ ತಕ್ಷಣ ಡಿಲೇ ತಿಳಿಯಾಯಿತು! ಆದರೆ ವಾಪಸ್ ಬರುವುದು ಇನ್ನೂ ಸಣ್ಣಗಾಯಿತು. ಕೀಂ ಸದ್ದು ಹಾಗೇ ಇದೆ, ಈಗ ಅದೇ ಎದ್ದು ಕೇಳುತ್ತಿದೆ.

ಬೆಸುಗೆ:
ಒಳ್ಳೆಯದು, ಪೆಡಲ್ ಸರಿ ಇದೆ. ಒಂದೊಂದಾಗಿ ಹೋಗೋಣ.

ತಗ್ಗಿಸಲು ಅಟೆನ್ಯುಯೇಟರ್ ಬೇಕು. ಮಾಡ್ಯೂಲ್ ಇಲ್ಲದಿದ್ದರೆ ಒಂದು 22 ಕಿಲೋ ಓಮ್ ರೆಸಿಸ್ಟರ್, ಒಂದು 10 ಕಿಲೋ ಓಮ್ ಪಾಟ್ (ತಿರುಗಿಸುವ ರೆಸಿಸ್ಟರ್), ಎರಡು ಜಾಕ್, ಒಂದು ಸಣ್ಣ ಲೋಹದ ಡಬ್ಬಿ ಸಾಕು. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರೋಡ್‌ನಲ್ಲಿ ಎಲ್ಲ ಒಟ್ಟಿಗೆ ಸಿಗುತ್ತದೆ. ಇನ್‌ಪುಟ್ ಜಾಕ್‌ನ ತುದಿಯಿಂದ ರೆಸಿಸ್ಟರ್, ಅಲ್ಲಿಂದ ಪಾಟ್‌ನ ಒಂದು ಹೊರ ಕಾಲಿಗೆ. ಇನ್ನೊಂದು ಹೊರ ಕಾಲು ಗ್ರೌಂಡ್‌ಗೆ. ನಡುಗಾಲು ಪೆಡಲ್‌ಗೆ ಹೋಗುವ ಜಾಕ್‌ಗೆ. ಪೂರ್ತಿ ತಿರುಗಿಸಿದರೂ 10 ವೋಲ್ಟ್ ಸುಮಾರು 3ಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗೆ ನಿಮ್ಮ ಕೈಯಲ್ಲಿ.

ಈಗ ಮುಖ್ಯವಾದ ಮಾತು. ಗಿಟಾರ್ ಮಟ್ಟಕ್ಕೇ ಇಳಿಸಬೇಕು ಅಂತ ತುಂಬಾ ಜನ ತೀರಾ ತಗ್ಗಿಸಿಬಿಡುತ್ತಾರೆ. ಆಮೇಲೆ ಹತ್ತು ಪಟ್ಟು ಏರಿಸುವಾಗ ಪೆಡಲ್‌ನ ಸುಯ್ ಅನ್ನುವ ಗದ್ದಲವೂ ಹತ್ತು ಪಟ್ಟು ಏರುತ್ತದೆ. ಪೆಡಲ್ ತಡೆದುಕೊಳ್ಳುವಷ್ಟು ಜೋರಾಗಿಯೇ ಕಳಿಸಿ. ಹೀಗೆ ಹುಡುಕಿ: ಫಿಲ್ಟರ್ ಪೂರ್ತಿ ತೆರೆದು ನಿಮ್ಮ ಪ್ಯಾಚ್‌ನ ಅತಿ ಜೋರಾದ ಸ್ವರ ನುಡಿಸಿ. ಪಾಟನ್ನು ನಿಧಾನವಾಗಿ ಏರಿಸಿ. ಒಡೆಯಲು ಶುರುವಾದ ಜಾಗದಿಂದ ಸ್ವಲ್ಪ ಹಿಂದೆ ಬನ್ನಿ. ಡಿಲೇಯ ಫೀಡ್‌ಬ್ಯಾಕ್ ಜಾಸ್ತಿ ಇಟ್ಟು ನುಡಿಸುವವರಾದರೆ ಇನ್ನೂ ಸ್ವಲ್ಪ ಹಿಂದೆ. ಪ್ರತಿಧ್ವನಿಗಳು ಒಂದರ ಮೇಲೊಂದು ಸೇರುತ್ತವೆ ಅಲ್ವಾ.

ವಾಪಸ್ ಬರುವಾಗ ಗೇನ್, ಅಂದರೆ ಮಟ್ಟ ಏರಿಸುವುದು, ಬೇಕೇ ಬೇಕು. ನಿಮ್ಮ ಮಿಕ್ಸರ್ ಬರೀ ತಗ್ಗಿಸುವಂಥದ್ದು ಅನ್ನಿಸುತ್ತದೆ, ಅದರ ಗುಂಡಿ ಎಷ್ಟು ತಿರುಗಿಸಿದರೂ ಇರುವುದಕ್ಕಿಂತ ಹೆಚ್ಚಾಗದು. ಡೋಪ್ಫರ್ ಎ-119ರಂಥ ಪ್ರಿಆಂಪ್ ಸಾಕು. ಅದರಲ್ಲಿ ಸದ್ದಿನ ಏರಿಳಿತವನ್ನು ವೋಲ್ಟೇಜ್ ಆಗಿಸುವ ಎನ್ವಲಪ್ ಫಾಲೋವರ್ ಕೂಡ ಇದೆ. ಡಿಲೇಯಿಂದ ಬಂದ ಸದ್ದಿನ ಏರಿಳಿತದಿಂದಲೇ ಫಿಲ್ಟರ್ ತೆರೆಯುವುದನ್ನು ಒಮ್ಮೆ ಕೇಳಿ ನೋಡಿ. ನನಗೆ ಪೆಡಲ್ ಮತ್ತು ಮಾಡ್ಯುಲರ್ ಸೇರಿಸುವುದರಲ್ಲಿ ಎಲ್ಲಕ್ಕಿಂತ ಖುಷಿ ಕೊಡುವುದು ಅದೇ.

ಇನ್ನು ಕೀಂ ಸದ್ದು. ಎರಡು ಪೆಡಲ್‌ಗೂ ಕರೆಂಟ್ ಎಲ್ಲಿಂದ?

ರಾತ್ರಿ_ಪ್ಯಾಚ್:
ಒಂದೇ 9 ವೋಲ್ಟ್ ಅಡಾಪ್ಟರ್. ಕವಲು ಕೇಬಲ್ ಹಾಕಿ ಎರಡಕ್ಕೂ ಕೊಟ್ಟಿದ್ದೇನೆ.

ಬೆಸುಗೆ:
ಅಲ್ಲೇ ಇರಬೇಕು. ಡಿಜಿಟಲ್ ಪೆಡಲ್‌ನ ಕ್ಲಾಕ್‌ನ (ಚಿಪ್‌ಗೆ ತಾಳ ಕೊಡುವ ಸರ್ಕ್ಯೂಟ್) ಸದ್ದು ಹಂಚಿಕೊಂಡ ತಂತಿಯಲ್ಲಿ ಅನಲಾಗ್ ಡಿಲೇಗೆ ನುಗ್ಗುತ್ತದೆ. ಡಿಲೇಗೆ ಬ್ಯಾಟರಿ ಹಾಕಿ ನೋಡಿ. ಸದ್ದು ನಿಂತರೆ ಉತ್ತರ ಸಿಕ್ಕಿತು. ಆಗ ಪ್ರತಿ ಪೆಡಲ್‌ಗೂ ಬೇರೆ ಬೇರೆ ಐಸೊಲೇಟೆಡ್ (ಒಂದಕ್ಕೊಂದು ಸಂಪರ್ಕವಿಲ್ಲದ) ಔಟ್ ಇರುವ ಸಪ್ಲೈ ತಗೊಳ್ಳಿ. ರ‍್ಯಾಕ್‌ನ 12 ವೋಲ್ಟ್‌ನಿಂದ ಪೆಡಲ್‌ಗೆ ಕರೆಂಟ್ ಎಳೆಯುವ ಯೋಚನೆ ಮಾತ್ರ ಬೇಡ. 9 ವೋಲ್ಟ್‌ಗೆಂದೇ ಮಾಡಿದ ಪೆಡಲ್ ಸುಟ್ಟುಹೋಗಬಹುದು.

ಜರ್ಮೇನಿಯಂ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಫಝ್, ಸದ್ದನ್ನು ಬೇಕೆಂದೇ ಒರಟಾಗಿಸುವ ಪೆಡಲ್. 1966ರ ಫಝ್ ಫೇಸ್ ಮಾದರಿಯ ಎರಡು ಟ್ರಾನ್ಸಿಸ್ಟರ್‌ದು. ಮಾಡ್ಯುಲರ್‌ಗೆ ಹಾಕಿದರೆ ತೀರಾ ಚೂಪಾಗಿ, ಕರ್ಕಶವಾಗಿ ಕೇಳುತ್ತದೆ. ಲೆವೆಲ್ ಇಳಿಸಿದರೂ ಅಷ್ಟೆ.

ಬೆಸುಗೆ:
ಅದು ಬೇರೆ ಕಾರಣ. ಆ ಸರ್ಕ್ಯೂಟ್‌ನ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ತುಂಬಾ ಕಡಿಮೆ. ಅದು ಗಿಟಾರ್ ಪಿಕಪ್‌ನ ಸುರುಳಿಯನ್ನೂ ತನ್ನ ಭಾಗವಾಗಿ ಮಾಡಿಕೊಂಡು ಮೆದುವಾಗಿ ಕೇಳುತ್ತದೆ. ಯೂರೋರ‍್ಯಾಕ್ ಔಟ್‌ಪುಟ್ ಸಾಮಾನ್ಯವಾಗಿ 1 ಕಿಲೋ ಓಮ್, ಅಲ್ಲಿ ಸುರುಳಿಯೇ ಇಲ್ಲ. ಫಝ್‌ಗೆ ಮುಂಚೆ 10ರಿಂದ 47 ಕಿಲೋ ಓಮ್‌ವರೆಗಿನ ರೆಸಿಸ್ಟರ್ ಒಂದನ್ನು ಸರಣಿಯಲ್ಲಿ ಹಾಕಿ, ಕಿವಿಗೆ ಹಿತವಾದದ್ದನ್ನು ಇಟ್ಟುಕೊಳ್ಳಿ. ಮತ್ತೆ, ಫಝ್ ವಿಸಿಎಗೆ ಮುಂಚೆ ಇರಲಿ. ಸ್ವರ ಇಲ್ಲದಾಗ ಅದರ ಗದ್ದಲವನ್ನು ವಿಸಿಎ ಮುಚ್ಚುತ್ತದೆ. ಡಿಲೇ, ರಿವರ್ಬ್ ಮಾತ್ರ ವಿಸಿಎ ಆದ ಮೇಲೆ, ಇಲ್ಲದಿದ್ದರೆ ಪ್ರತಿಧ್ವನಿಯ ಬಾಲವೇ ಕತ್ತರಿಸಿಹೋಗುತ್ತದೆ.

ರಾತ್ರಿ_ಪ್ಯಾಚ್:
ಬ್ಯಾಟರಿ ಹಾಕಿದೆ, ಕೀಂ ಸದ್ದು ಪೂರ್ತಿ ನಿಂತಿತು! ಪಾಟ್ ಡಬ್ಬಿಯೂ ಭಾನುವಾರ ಆಯಿತು. ಅರ್ಧಕ್ಕಿಂತ ಸ್ವಲ್ಪ ಮೇಲೆ ಇಟ್ಟರೆ ಸರಿಯಾಗಿದೆ. ಗೆಳೆಯರೊಬ್ಬರ ಎ-119 ಎರವಲು ತಂದಿದ್ದೇನೆ. ಡಿಲೇ ಈಗ ಆಸಿಲೇಟರ್ ಜೊತೆ ಸಮವಾಗಿ ಕೂತಿದೆ. ತುಂಬಾ ಥ್ಯಾಂಕ್ಸ್.

ಕೊನೆಯದೊಂದು: ರಿವರ್ಬ್‌ನಲ್ಲಿ ಎಕ್ಸ್‌ಪ್ರೆಷನ್ ಜಾಕ್ (ಗುಂಡಿಯನ್ನು ಹೊರಗಿನಿಂದ ನಿಯಂತ್ರಿಸಲು) ಇದೆ. ಎಲ್‌ಎಫ್‌ಒ (ನಿಧಾನವಾಗಿ ಏರಿಳಿಯುವ ವೋಲ್ಟೇಜ್) ನೇರವಾಗಿ ಹಾಕಬಹುದಾ?

ಬೆಸುಗೆ:
ನೇರವಾಗಿ ಬೇಡ! ಎಲ್‌ಎಫ್‌ಒ ಸೊನ್ನೆಯ ಕೆಳಗೂ ಹೋಗುತ್ತದೆ. ಆ ಜಾಕ್‌ಗೆ ಮೈನಸ್ ವೋಲ್ಟೇಜ್ ಕೊಟ್ಟರೆ ಒಳಗಿನ ಚಿಪ್ ಹೋಗಬಹುದು. ಮೊದಲು ಪೆಡಲ್‌ನ ಕೈಪಿಡಿಯಲ್ಲಿ ಸಿವಿ (ನಿಯಂತ್ರಣದ ವೋಲ್ಟೇಜ್) ತೆಗೆದುಕೊಳ್ಳುತ್ತದೆಯೇ, 0ರಿಂದ 3.3 ವೋಲ್ಟೋ 0ರಿಂದ 5 ವೋಲ್ಟೋ ಅಂತ ನೋಡಿ. ಆಫ್‌ಸೆಟ್ ಮತ್ತು ಅಟೆನ್ಯುಯೇಟರ್ ಬಳಸಿ ಅಷ್ಟರೊಳಗೆ ತನ್ನಿ, ಮೀಟರ್‌ನಲ್ಲಿ ಡಿಸಿಗೆ ಇಟ್ಟು ಖಚಿತ ಮಾಡಿಕೊಳ್ಳಿ. ಆ ಜಾಕ್ ಸಾಮಾನ್ಯವಾಗಿ ಸ್ಟೀರಿಯೋ ಇರುತ್ತದೆ. ಸಿವಿ ತುದಿಗೆ, ಗ್ರೌಂಡ್ ಬುಡಕ್ಕೆ, ನಡುವಿನ ರಿಂಗ್ ಖಾಲಿ: ಬಹಳಷ್ಟು ಪೆಡಲ್‌ಗಳಲ್ಲಿ ಹೀಗೆ. ಆದರೆ ತುದಿ, ರಿಂಗ್ ಅದಲು ಬದಲಾಗಿರುವವೂ ಇವೆ. ಅದನ್ನೂ ಕೈಪಿಡಿಯಲ್ಲೇ ನೋಡಿ, ಊಹೆಯ ಮೇಲೆ ಚುಚ್ಚಬೇಡಿ.