ಬೀದಿ ಗಣಪತಿ: ಮೈಕ್‌ಗೆ ಅನುಮತಿ ಕೇಳುವುದು ಧಾರ್ಮಿಕ ಹಕ್ಕಿಗೆ ಅಡ್ಡಿಯೇ?

ಬಡಾವಣೆ_ಮಂಡಳಿ:
ಬೆಂಗಳೂರಿನ ವಸತಿ ಬಡಾವಣೆಯ ರಸ್ತೆಯಲ್ಲಿ ಐದು ದಿನ ಗಣಪತಿ ಕೂರಿಸಬೇಕು. ಮೈಕ್‌ಗೆ ಲಿಖಿತ ಅನುಮತಿ ಬೇಕೇ ಬೇಕಂತೆ. ಸಂವಿಧಾನದ 25ನೇ ವಿಧಿ ಇರುವಾಗ ಇದೆಂಥ ಕಟ್ಟಳೆ? 75 ಡೆಸಿಬಲ್‌ವರೆಗೆ ಪರವಾಗಿಲ್ಲ, ಹಬ್ಬಕ್ಕೆ ರಾತ್ರಿ 12ರ ತನಕ ಹಾಕಬಹುದು ಅನ್ನುತ್ತಾರೆ, ನಿಜವಾ?

ಕಟ್ಟೆಪುರಾಣ:
25ನೇ ವಿಧಿ ಶುರುವಾಗುವುದೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಎಂಬ ಷರತ್ತಿನಿಂದ. ಚೆನ್ನೈನ ಚರ್ಚೊಂದರ ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ: ಮೈಕ್ ಹಾಕಿ ಅಕ್ಕಪಕ್ಕದವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಲು ಯಾವ ಧರ್ಮವೂ ಹೇಳಿಲ್ಲ. ಗುಡಿ, ಮಸೀದಿ, ಚರ್ಚು ಎಲ್ಲಕ್ಕೂ ಅದೇ ಅಳತೆ.

ಶಬ್ದಮಾಪಕ:
75 ಅನ್ನೋದು ಅರ್ಧ ಓದಿದವರ ಲೆಕ್ಕ. 2000ದ ಶಬ್ದಮಾಲಿನ್ಯ ನಿಯಮಗಳ 5ನೇ ನಿಯಮ ನೋಡಿ. ಸಾರ್ವಜನಿಕ ಜಾಗದ ಗಡಿಯಲ್ಲಿ ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು, ಇಲ್ಲವೇ 75, ಎರಡರಲ್ಲಿ ಯಾವುದು ಕಡಿಮೆಯೋ ಅದು. ವಸತಿ ಪ್ರದೇಶಕ್ಕೆ ಹಗಲು ಮಿತಿ 55, ಅಂದರೆ ನಿಮಗೆ ಸಿಗುವುದು 65. ರಾತ್ರಿ ಮಿತಿ 45, ಹಾಗಾಗಿ 55. ಡಿಜೆ ಬಾಕ್ಸ್ ಇಟ್ಟರೆ ಇದು ದಾಟಿತು ಅಂತಲೇ ತಿಳಿಯಿರಿ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ನಿಷಿದ್ಧ. 12ರವರೆಗಿನ ವಿನಾಯಿತಿ ಇರುವುದು ರಾಜ್ಯ ಸರ್ಕಾರ ಮುಂಚಿತವಾಗಿ ಹೆಸರಿಸಿದ ದಿನಗಳಿಗೆ ಮಾತ್ರ, ಇಡೀ ರಾಜ್ಯಕ್ಕೆ ವರ್ಷಕ್ಕೆ 15 ದಿನ ಮೀರದಂತೆ. ಒಂದೊಂದು ಮಂಡಳಿಗೆ 15 ಅಲ್ಲ. ಠಾಣೆಯವರಿಗೆ ಇದನ್ನು ಕೊಡುವ ಅಧಿಕಾರವೇ ಇಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಿದ್ದರೆ ಅಲ್ಲಿ ಆ ವಿನಾಯಿತಿಯೂ ನಡೆಯದು.

ಪೆಂಡಾಲ್‌ಗೂಟ:
ಅರ್ಜಿಯಲ್ಲಿ ಪೆಂಡಾಲಿನ ಉದ್ದಗಲ, ರಸ್ತೆಯಲ್ಲಿ ಬಿಡುವ ದಾರಿ, ಸ್ಪೀಕರ್ ಸಂಖ್ಯೆ, ದಿನ-ವೇಳೆ, ವಿಸರ್ಜನೆಯ ಮಾರ್ಗ ಬರೆಯಿರಿ. ‘ಹೂಂ, ಮಾಡಿ’ ಅನ್ನುವ ಬಾಯಿಮಾತಿನ ಒಪ್ಪಿಗೆ ನಂಬಬೇಡಿ, ದೂರು ಬಂದಾಗ ನಿಲ್ಲುವುದು ಕಾಗದವೇ. ಆಂಬುಲೆನ್ಸ್, ಅಗ್ನಿಶಾಮಕ ವಾಹನ ನುಗ್ಗುವಷ್ಟು ಜಾಗ ಬಿಡಿ. ಕರೆಂಟಿಗೆ ತಾತ್ಕಾಲಿಕ ಸಂಪರ್ಕ ತಗೊಳ್ಳಿ. ಕಂಬಕ್ಕೆ ಕೊಕ್ಕೆ ಹಾಕಿದರೆ ಕಳ್ಳತನದ ಕೇಸು, ಮಳೆ ಬಂದರೆ ಶಾಕ್. ಡಾಂಬರು ಅಗೆದು ಗೂಟ ನೆಡುವ ಬದಲು ಮರಳು ತುಂಬಿದ ಡ್ರಮ್ಮಿಗೆ ಕಂಬ ನಿಲ್ಲಿಸಿ.

ಇನ್ನೊಂದು: ಮುಂದಿನ ವರ್ಷಕ್ಕಾಗಲಿ ಅಂತ ಸಿಮೆಂಟ್ ಕಟ್ಟೆ ಕಟ್ಟಬೇಡಿ. ಸಾರ್ವಜನಿಕ ರಸ್ತೆ, ಪಾರ್ಕುಗಳಲ್ಲಿ ಹೊಸ ಧಾರ್ಮಿಕ ಕಟ್ಟಡ ಕೂಡದೆಂದು 2009ರ ಸೆಪ್ಟೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ಆದೇಶವಿದೆ.