ಬರೋಕ್ ಕಾಲದ ಸ್ಪೇನಲ್ಲಿ ಜನರ ರುಚಿ ಯಾರ ಕೈಲಿತ್ತು?

ಹಳೇಪುಟ: ಇತಿಹಾಸಕಾರ ಮರವಾಲ್ 1975ರಲ್ಲಿ ಬರೋಕ್, ಅಂದ್ರೆ ಯುರೋಪಿನಲ್ಲಿ 17ನೇ ಶತಮಾನದ ಆಡಂಬರದ ಕಲೆಯ ಕಾಲ, ಆ ಸಂಸ್ಕೃತಿ ಬಗ್ಗೆ ಬರೆದಿದ್ದು ಓದ್ತಿದೀನಿ. 17ನೇ ಶತಮಾನದ ನಾಟಕ, ಉತ್ಸವ ಎಲ್ಲಾ ಅರಮನೆ, ಚರ್ಚು, ಕುಲೀನ ಜಮೀನ್ದಾರರು ಸೇರಿ ಊರ ಜನರನ್ನ ಹದ್ದುಬಸ್ತಲ್ಲಿ ಇಡೋಕೆ ಬಳಸಿದ್ದು ಅಂತಾರೆ. 1561ರಲ್ಲಿ ಆಸ್ಥಾನ ಮ್ಯಾಡ್ರಿಡ್‌ಗೆ ಬಂದ್ಮೇಲೆ ಹಳ್ಳಿಗಳಿಂದ ಜನ ಬಂದು ತುಂಬ್ಕೊಂಡ್ರು, ಒಬ್ಬರ ಗುರುತು ಒಬ್ಬರಿಗಿಲ್ಲ, ಅಂಥ ಗುಂಪನ್ನ ಹಿಡಿಯೋಕೆ ನಾಟಕ ಬೇಕಾಯ್ತು. ನಂಗೆ ಸರಿ ಅನ್ಸುತ್ತೆ.

ಅಂಗಳದಮೂಲೆ: ನಂಗೆ ಪೂರ್ತಿ ಅನ್ಸಲ್ಲ. ಮ್ಯಾಡ್ರಿಡ್ಡಿನ ಕೊರಾಲ್‌ಗಳನ್ನ, ಅಂದ್ರೆ ಅಂಗಳದ ನಾಟಕಶಾಲೆಗಳನ್ನ ನೋಡಿ, 1579ರಲ್ಲಿ ಕ್ರೂಸ್, 1583ರಲ್ಲಿ ಪ್ರಿನ್ಸಿಪೆ, ಮನೆಗಳ ನಡುವಿನ ಅಂಗಳದಲ್ಲಿ ಮಧ್ಯಾಹ್ನದ ಬೆಳಕಲ್ಲೇ ಆಟ, ಹೆಂಗಸರಿಗೆ ಬೇರೆ ಬಾಗಿಲು, ಅವರು ಕೂರೋ ಜಾಗಕ್ಕೆ ಕಸ್ವೇಲಾ ಅಂದ್ರೆ ಅಡುಗೆ ಪಾತ್ರೆ ಅಂತ ಹೆಸರು, ಅಷ್ಟು ಒತ್ತಾಗಿ ಕೂರ್ತಿದ್ರು. ಅಂಗಳದಲ್ಲಿ ನಿಂತು ನೋಡೋ ಗಂಡಸರಿಗೆ ಮೊಸ್ಕೆತೇರೋ ಅಂತಿದ್ರು, ಅಂದ್ರೆ ಬಂದೂಕಿನ ಸಿಪಾಯಿಗಳು. ಇವರು ಶಿಳ್ಳೆ ಹೊಡೆದ್ರೆ ನಾಟಕ ಬಿದ್ದಂಗೇ. ಎಲ್ಲಕ್ಕಿಂತ ಕಮ್ಮಿ ದುಡ್ಡು ಕೊಟ್ಟೋರಿಗೆ ಕವಿಗಳು ಹೆದರ್ತಿದ್ರು! ನಾಟಕಕಾರ ಲೋಪೆ ದೆ ವೇಗಾ 1609ರಲ್ಲಿ ನೇರವಾಗೇ ಬರೆದ, ನಾಟಕ ಬರೆಯೋವಾಗ ನಿಯಮಗಳಿಗೆಲ್ಲ ಬೀಗ ಹಾಕಿಡ್ತೀನಿ, ಕಾಸು ಕೊಡೋದು ಜನ, ಅವರಿಗೆ ಹಿಡಿಸೋ ಹಂಗೇ ಬರೀಬೇಕು ಅಂತ.

ಹಳೇಪುಟ: ಮೆಚ್ಚಿಸದೆ ಯಾರನ್ನೂ ನಡೆಸೋಕಾಗಲ್ಲ ಅಲ್ವಾ, ಮರವಾಲ್ ಹೇಳೋದೂ ಅದೇ. ಲೋಪೆಯ ‘ಫ್ವೆಂತೆಓವೆಹೂನಾ’ ನಾಟಕ ತಗೊಳ್ಳಿ, ಅದು ಒಂದು ಹಳ್ಳಿ ಹೆಸರು, ಹಳ್ಳಿ ಜನ ದುಷ್ಟ ಅಧಿಕಾರಿನ ಕೊಲ್ತಾರೆ ಸರಿ, ಕೊನೇಲಿ ಕ್ಷಮಿಸೋದು ಯಾರು? ರಾಜ.

ದಾರದಪುಸ್ತಕ: ದುಡ್ಡಿನ ವಿಷಯ ಬಿಟ್ರಿ. ಆ ಕೊರಾಲ್‌ಗಳನ್ನ ಕಟ್ಟಿದ್ದು ಧರ್ಮಕಾರ್ಯದ ಸಂಘಗಳು, ಲಾಭದ ಪಾಲು ಆಸ್ಪತ್ರೆಗಳಿಗೆ. 1598ರಲ್ಲಿ ಪಾದ್ರಿಗಳ ಮಾತು ಕೇಳಿ ರಾಜ ನಾಟಕ ನಿಲ್ಲಿಸಿದಾಗ ಆಸ್ಪತ್ರೆಗಳ ಆದಾಯ ನಿಂತೋಯ್ತು, ಮತ್ತೆ ಶುರು ಮಾಡಿ ಅಂತ ಊರೇ ಕೇಳ್ತು, ಮುಂದಿನ ವರ್ಷ ಬಾಗಿಲು ತೆರೀತು. ಮೇಲಿನೋರೆಲ್ಲ ಒಂದೇ ಬುದ್ಧಿಯಲ್ಲಿ ಇರಲಿಲ್ಲ. ಇನ್ನೊಂದು, ಓದು ಬರದೋರೂ ನಾಟಕ ‘ಕೇಳೋಕೆ’ ಹೋಗ್ತಿದ್ರು, ಆಗ ಆಡ್ತಿದ್ದ ಮಾತೇ ಅದು. ಬೀದೀಲಿ ಕುರುಡರು ಹಾಡ್ತಾ ಅಗ್ಗದ ಪದ್ಯದ ಹಾಳೆ ಮಾರ್ತಿದ್ರು, ಅಲ್ಲಿಗೆ ಯಾವ ರಾಜ ಬರ್ತಿದ್ದ?

ಅಂಗಳದಮೂಲೆ: ಸರಿಯಾಗಿ ಹೇಳಿದ್ರಿ. @ಹಳೇಪುಟ, ಕ್ಷಮೆ ಕೊನೇ ಗಳಿಗೇಲಿ ಬರುತ್ತೆ, ಅದಕ್ಕೂ ಮುಂಚೆ ಚಿತ್ರಹಿಂಸೆ ಕೊಟ್ಟು ಕೊಂದಿದ್ಯಾರು ಅಂತ ಕೇಳ್ದಾಗ ಮುದುಕರು, ಹುಡುಗರು, ಹೆಂಗಸರು ಎಲ್ರೂ ಊರಿನ ಹೆಸರನ್ನೇ ಹೇಳ್ತಾರಲ್ಲ, ಅಂಗಳದಲ್ಲಿ ಕಾಲು ನೋಯಿಸ್ಕೊಂಡು ನಿಂತಿದ್ದೋರ ಕಿವೀಲಿ ಉಳಿದಿದ್ದು ಅದೇ ಅಂತ ನಾನು ನಂಬ್ತೀನಿ.

ಹಳೇಪುಟ: ಆ ದೃಶ್ಯನ ನಾನು ಅವರ ಜಾಗದಲ್ಲಿ ನಿಂತು ನೋಡಿರ್ಲಿಲ್ಲ. ಇವತ್ತೇ ಮತ್ತೆ ಓದ್ತೀನಿ.