ಕೊನೆ ಸಾಲು ಓದಿದರೆ ಸಾಕಾ?

ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ಕಣ್ಣಿನ ಚಾರ್ಟ್‌ನ ಚಿತ್ರ) "ಫೋನ್ ಕೈಯಳತೆ ದೂರದಲ್ಲಿ ಹಿಡಿಯಿರಿ. ಕೊನೆ ಸಾಲು ಓದಿದರೆ ನಿಮ್ಮ ಕಣ್ಣು ನೂರಕ್ಕೆ ನೂರು ಸರಿ. ಬೇರೆ ಟೆಸ್ಟ್ ಎಲ್ಲಾ ದುಡ್ಡಿನ ದಂಧೆ. ಎಲ್ಲರಿಗೂ ಕಳಿಸಿ."

ಚಿಕ್ಕಪ್ಪ: ನಾನು ಎಲ್ಲಾ ಸಾಲೂ ಓದಿದೆ. 64ಕ್ಕೆ ಇನ್ನೇನು ಬೇಕು?

ಅತ್ತೆ: ನಾನೂ ಓದಿದೆ 🙏

ಸುಮಾ: ಚಿಕ್ಕಪ್ಪ, ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. ಅಪ್ಪನೂ ಕೊನೆ ಸಾಲು ಓದುತ್ತಿದ್ದರು. ಪಂಚಾಂಗದ ಸಣ್ಣಕ್ಷರ ಸಲೀಸಾಗಿ ಓದುವವರು, ಎಡಗಡೆ ಇಟ್ಟ ಕಾಫಿ ಲೋಟ ಮಾತ್ರ ಮೊಣಕೈ ತಾಗಿಸಿ ಬೀಳಿಸುತ್ತಿದ್ದರು. ದೇವರಮನೆ ಬಾಗಿಲಿಗೆ ಎಡಭುಜ ಬಡಿಸಿಕೊಳ್ಳುತ್ತಿದ್ದರು. ವಯಸ್ಸಾಯಿತು ಅಂದುಕೊಂಡೆವು. ಆಗಿದ್ದು ಗ್ಲಾಕೋಮಾ, ಕಣ್ಣಿನ ನರ ಸವೆಯುವ ಕಾಯಿಲೆ. ಅದು ಸಾಮಾನ್ಯವಾಗಿ ನೋಟದ ನಡುಭಾಗವನ್ನು ಕೊನೆಗೆ ಮುಟ್ಟುತ್ತದೆ. ನಾವು ಅಕ್ಷರ ಓದುವುದು ಆ ನಡುಭಾಗದಲ್ಲೇ. ಚಾರ್ಟ್‌ಗೆ ಅದು ಹೇಗೆ ಸಿಗಬೇಕು?

ಮಧು ಅಣ್ಣ: ಸರಿ, ಗಾಳಿ ಊದಿ ಕಣ್ಣಿನ ಪ್ರೆಶರ್ ನೋಡುತ್ತಾರಲ್ಲ, ಅದೊಂದು ಸಾಕಲ್ವಾ?

ಸುಮಾ: ಸಾಲದು ಅಣ್ಣ. 10ರಿಂದ 21 ನಾರ್ಮಲ್ ಅನ್ನುತ್ತಾರೆ. ಅಪ್ಪನಿಗೆ 18 ಇತ್ತು. ಪ್ರೆಶರ್ ನಾರ್ಮಲ್ ಇದ್ದರೂ ಕೆಲವರಿಗೆ ನರ ಸವೆಯುತ್ತದೆ. ಅದಕ್ಕೇ ಡಾಕ್ಟರ್ ನರವನ್ನು ನೋಡಿ, ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್‌ಗೆ ಕಳಿಸಿದರು. ಗಲ್ಲ ಊರಿ, ಒಂದು ಕಣ್ಣು ಮುಚ್ಚಿ, ಮಧ್ಯದ ದೀಪವನ್ನೇ ನೋಡಬೇಕು. ಎಲ್ಲಾದರೂ ಚುಕ್ಕಿ ಮಿನುಗಿದರೆ ಗುಂಡಿ ಒತ್ತಬೇಕು. ಎಡಗಣ್ಣಿನ ಸರದಿ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಆಪರೇಟರ್ ಪರದೆಯಲ್ಲಿ ಚುಕ್ಕಿಗಳು ಒಂದಾದ ಮೇಲೊಂದು ಬರುತ್ತಲೇ ಇದ್ದವು. ಅಪ್ಪನ ಹೆಬ್ಬೆರಳು ಗುಂಡಿ ಮೇಲೇ ಇತ್ತು, ಅಲ್ಲಾಡಲಿಲ್ಲ. "ಇನ್ನೂ ಶುರು ಮಾಡಿಲ್ವಾ?" ಅಂತ ಕೇಳಿದರು.

ಅತ್ತೆ: ಅಯ್ಯೋ. ಅಣ್ಣ ನಮಗೆ ಇದನ್ನು ಹೇಳಲೇ ಇಲ್ಲ.

ಮಧು ಅಣ್ಣ: ದೊಡ್ಡಪ್ಪನ ವಿಷಯ ಬೇರೆ. ಅಮ್ಮನ ಪೊರೆ ಆಪರೇಷನ್‌ಗೆ ಮೊದಲು ಒಂದೇ ದಿನ ನಾಲ್ಕು ಟೆಸ್ಟ್. ಯಾಕೆ ಅಂತ ಒಬ್ಬರೂ ಹೇಳಲಿಲ್ಲ. ಬಿಲ್ ಮಾತ್ರ ಕೊಟ್ಟರು.

ಸುಮಾ: ಹೇಳದೇ ಇದ್ದಿದ್ದು ಖಂಡಿತ ತಪ್ಪು. ಆದರೆ ಒಂದಂತೂ ಕಣ್ಣಿನ ಉದ್ದ ಅಳೆಯುವ ಟೆಸ್ಟ್ ಆಗಿರಲೇಬೇಕು. ಒಳಗೆ ಕೂರಿಸುವ ಲೆನ್ಸ್‌ನ ಪವರ್ ಲೆಕ್ಕ ಹಾಕಲು ಅದು ಬೇಕೇ ಬೇಕು. 1 ಮಿಲಿಮೀಟರ್ ತಪ್ಪಿದರೆ ಪವರ್ ಸುಮಾರು 2.5ರಿಂದ 3 ವ್ಯತ್ಯಾಸ ಆಗುತ್ತದೆ. ಚಿಕ್ಕಮ್ಮನಿಗೆ ಶುಗರ್ ಬೇರೆ ಇದೆ. ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡದೆ ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾ, ಸರಿಯಾಗಿ ಕಾಣುವುದಿಲ್ಲ. ಅಲ್ಲಿ ರಕ್ತ ಜಿನುಗುತ್ತಿದ್ದರೂ ಎಷ್ಟೋ ದಿನ ನೋಟ ಚೆನ್ನಾಗೇ ಇರಬಹುದು.

ಮಧು ಅಣ್ಣ: ಒಪ್ಪಿದೆ. ಆದರೆ ಎಲ್ಲರಿಗೂ ಎಲ್ಲಾ ಟೆಸ್ಟ್ ಅಂದರೆ ನಾನು ಒಪ್ಪಲ್ಲ.

ಸುಮಾ: ನಾನೂ ಒಪ್ಪಲ್ಲ. ಯಾವ ಟೆಸ್ಟ್ ಯಾಕೆ ಅಂತ ಕೇಳಿಯೇ ಮಾಡಿಸಿ. ಖರ್ಚಿನ ಚಿಂತೆಯಾದರೆ ಮಿಂಟೋ ಇದೆ, ಸರ್ಕಾರಿ ಆಸ್ಪತ್ರೆ. ಆದರೆ ಚಿಕ್ಕಪ್ಪ, ಅತ್ತೆ, ಗ್ಲಾಕೋಮಾ ಇರುವವರ ಒಡಹುಟ್ಟಿದವರಿಗೆ ಅದು ಬರುವ ಸಾಧ್ಯತೆ ಜಾಸ್ತಿ. ಅಪ್ಪನ ಒಡಹುಟ್ಟಿದವರು ನೀವಿಬ್ಬರೇ. ಹೋದ ನೋಟ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಅಷ್ಟೇ.

ಚಿಕ್ಕಪ್ಪ: ಶನಿವಾರ ಹೋಗಿ ಬರುತ್ತೇನೆ. ಡ್ರಾಪ್ಸ್ ಹಾಕಿದ ಮೇಲೆ ಸ್ಕೂಟರ್ ಓಡಿಸಬಹುದಾ?

ಸುಮಾ: ಬೇಡ, ನಾಲ್ಕಾರು ಗಂಟೆ ಮಂಜುಮಂಜಾಗಿರುತ್ತದೆ. ನಾನೇ ಕಾರು ತರುತ್ತೇನೆ. ಅತ್ತೆ, ನೀವು ಎಂಟೂವರೆಗೆ ರೆಡಿ ಇರಿ.